ಕಂಡದ್ದು, ಕೇಳಿದ್ದು, ಬಂದದ್ದು: ನಮ್ಮ ಸುದ್ದಿ ಗುಂಪಿಗೆ ನಿಯಮ ಬರೆದ ಕಥೆ

ನಮ್ಮ ವಾಟ್ಸಾಪ್ ಗುಂಪಿಗೆ ಮೊದಲಿನಿಂದಲೂ ಒಂದು ನಿಯಮ ಇತ್ತು: "ಸುಳ್ಳು ಸುದ್ದಿ ಹಾಕಬಾರದು." ಅದರಿಂದ ಕವಡೆ ಕಾಸಿನ ಉಪಯೋಗ ಆಗಲಿಲ್ಲ. ಸುಳ್ಳು ಅಂತ ಗೊತ್ತಿದ್ದೂ ಹಾಕುವವರು ನಮ್ಮಲ್ಲಿ ತುಂಬಾ ಕಡಿಮೆ. ಹಾಕುವವನಿಗೆ ಅದು ನಿಜವೇ. ಬರೀ ನಿಜ ಅಲ್ಲ, ಅರ್ಜೆಂಟು ನಿಜ. ಈಗಲೇ ನಾಲ್ಕು ಮಂದಿಗೆ ತಿಳಿಸದಿದ್ದರೆ ಅನಾಹುತ ಆಗಿಬಿಡುತ್ತದೆ ಅನ್ನೋ ಥರದ ನಿಜ. ಅಂಥವರು ಈ ನಿಯಮ ಓದಿ "ಹೌದು, ಸರಿಯಾಗಿ ಬರೆದಿದ್ದಾರೆ" ಅಂದುಕೊಂಡು, ಅದರ ಕೆಳಗೇ ಫಾರ್ವರ್ಡ್ ಹಾಕುತ್ತಿದ್ದರು.

ಕೊಪ್ಪಳ ಜಿಲ್ಲೆಯ ಕಾರಟಗಿಯಲ್ಲಿ ನನ್ನದೊಂದು ಚಿಕ್ಕ ಜೆರಾಕ್ಸ್ ಅಂಗಡಿ ಇದೆ. ಜೆರಾಕ್ಸ್ ಅನ್ನೋದು ಬೋರ್ಡಿನಲ್ಲಿ ಮಾತ್ರ. ಪಹಣಿ ತೆಗೆದುಕೊಡೋದು, ಬೆಳೆ ವಿಮೆ ಅರ್ಜಿ, ಮಕ್ಕಳ ಸ್ಕಾಲರ್‌ಶಿಪ್ಪು, ಆಧಾರ್ ಪ್ರಿಂಟು, ಎಲ್ಲವೂ ನಡೆಯುತ್ತದೆ. ಊರಿನ ಅರ್ಧ ಮಂದಿಯ ನಂಬರು ನನ್ನ ಫೋನಿನಲ್ಲಿ ಇರೋದಕ್ಕೇ ಸುದ್ದಿ ಗುಂಪಿನ ಅಡ್ಮಿನ್‌ಗಳಲ್ಲಿ ನಾನೂ ಒಬ್ಬಳಾದೆ. ಗುಂಪು ಶುರುವಾದಾಗ ವಾಟ್ಸಾಪ್ ಒಂದು ಗುಂಪಿಗೆ 256 ಜನರನ್ನಷ್ಟೇ ಬಿಡುತ್ತಿತ್ತು. 2022ರಲ್ಲಿ ಅದು 512 ಆಯಿತು, ಅದೇ ವರ್ಷದ ಕೊನೆಗೆ 1024. ನಮ್ಮದು ಅಲ್ಲಿಯವರೆಗೂ ತುಂಬಿತು. ರೈಸ್ ಮಿಲ್ಲಿನ ಹಮಾಲರು, ರೈತರು, ಮಾಸ್ತರರು, ಆಟೊದವರು, ಸುತ್ತಲಿನ ಕ್ಯಾಂಪುಗಳ ತೆಲುಗು ಮಂದಿ, ಎಲ್ಲರೂ ಇದ್ದಾರೆ. ಕಾಲುವೆಗೆ ನೀರು ಬಂತಾ, ಭತ್ತದ ರೇಟು ಎಷ್ಟು, ಕರೆಂಟ್ ಯಾವಾಗ ಬರುತ್ತೆ, ಯಾರು ತೀರಿಕೊಂಡರು, ಜಾತ್ರೆಗೆ ಬಸ್ಸು ಇದೆಯಾ. ಇವೇ ನಮ್ಮ ಸುದ್ದಿ. ದಿಲ್ಲಿ, ಬೆಂಗಳೂರಿನ ಸುದ್ದಿ ಟಿವಿಯಲ್ಲಿ ಬರುತ್ತದೆ. ಮೂರನೇ ತೂಬಿಗೆ ನೀರು ಹತ್ತಿದೆಯೋ ಇಲ್ಲವೋ ಅನ್ನೋದು ಯಾವ ಟಿವಿಯಲ್ಲೂ ಬರೋದಿಲ್ಲ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಕೊಂಡು ಹೋಯಿತು. ಅಣೆಕಟ್ಟೆಯ ಮೇಲ್ಭಾಗದಿಂದ ನದಿಗೆ ನೀರು ಬಿಡೋ 33 ಕ್ರೆಸ್ಟ್ ಗೇಟುಗಳಲ್ಲಿ ಒಂದು ಅದು. ಅದರ ಚೈನ್ ಲಿಂಕ್ ತುಂಡಾಗಿತ್ತು. ಅಣೆಕಟ್ಟೆಯ ಮೇಲಿನ ಒತ್ತಡ ಇಳಿಸೋಕೆ ಉಳಿದ ಗೇಟುಗಳನ್ನೂ ಎತ್ತಿ ನದಿಗೆ ನೀರು ಬಿಟ್ಟರು. ಆದದ್ದು ಇಷ್ಟು. ಇದೇ ಸಣ್ಣದಲ್ಲ ಬಿಡಿ. ಆದರೆ ನಮ್ಮ ಗುಂಪಿನಲ್ಲಿ ಆವತ್ತು ರಾತ್ರಿ ಆದದ್ದು ಬೇರೆ. "ಡ್ಯಾಂ ಒಡೀತು" ಅಂತ ಒಬ್ಬರು. "ಗಂಗಾವತಿ ಖಾಲಿ ಮಾಡಿಸ್ತಾ ಇದಾರೆ" ಅಂತ ಇನ್ನೊಬ್ಬರು. ಎಲ್ಲಿಯದೋ ಕೆಂಪು ನೀರು ಉಕ್ಕುವ ವಿಡಿಯೊ. ನಮ್ಮ ಅಣೆಕಟ್ಟೆಗೆ ಬಂದು ನೋಡಿದ ಯಾರಿಗೇ ಆದರೂ ಇದು ಅದಲ್ಲ ಅಂತ ಗೊತ್ತಾಗುತ್ತದೆ. ಆದರೂ ಅದನ್ನೇ ಮತ್ತೆ ಮತ್ತೆ ಹಾಕಿದರು. ನಮ್ಮ ಊರು ನದಿ ದಂಡೆ ಮೇಲಿಲ್ಲ, ನೀರು ನುಗ್ಗುವ ಭಯ ನಮಗಿರಲಿಲ್ಲ. ನಮ್ಮ ಭಯ ಬೇರೆ. ಆಗಷ್ಟೇ ನಾಟಿ ನಡೆದಿತ್ತು. ಡ್ಯಾಂ ಖಾಲಿ ಆದರೆ ಕಾಲುವೆ ಒಣಗುತ್ತದೆ, ಹಾಕಿದ ದುಡ್ಡು ಹೋಗುತ್ತದೆ. ಆದರೆ ನದಿ ದಂಡೆಯ ಆನೆಗೊಂದಿ, ಸಾಣಾಪುರದ ಕಡೆ ಮಗಳನ್ನು ಕೊಟ್ಟವರು, ಕಂಪ್ಲಿ ಸೇತುವೆ ದಾಟಿ ಕೆಲಸಕ್ಕೆ ಹೋಗುವವರು ನಮ್ಮಲ್ಲಿ ಎಷ್ಟೋ ಜನ. ಅವರೆಲ್ಲ ರಾತ್ರಿಯಿಡೀ ಫೋನ್ ಹಿಡಿದು ಕೂತಿದ್ದರು.

ಬೆಳಗಾದ ಮೇಲೆ ಒಂದು ವಾಯ್ಸ್ ಮೆಸೇಜ್ ಬಂತು. ನಮ್ಮೂರಿನ ಹುಡುಗ, ಟಿಪ್ಪರ್ ಓಡಿಸುತ್ತಾನೆ. ಹಿಂದೆ ನೀರಿನ ಸದ್ದು. "ನಾನು ಮುನಿರಾಬಾದ್‌ನಾಗ ಅದೀನ್ರಿ. ಈಗ ಮುಂಜಾನಿ ಆರೂವರಿ. ಒಂದ್ ಗೇಟು ಇಲ್ಲ, ಅಲ್ಲಿಂದ ನೀರು ಭಾಳ ಹೊಂಟೈತಿ. ಡ್ಯಾಂ ಹಂಗೇ ಐತಿ, ನನ್ನ ಕಣ್ಣ ಮುಂದ ಐತಿ. ಯಾರೂ ಗಾಬರಿ ಆಗಬ್ಯಾಡ್ರಿ." ಮುಗೀತು. ಆ ಮೆಸೇಜಿನ ಮೇಲೆ ಗುಂಪು ತಣ್ಣಗಾಯಿತು. ಅವನು ಇಂಜಿನಿಯರ್ ಅಲ್ಲ, ಅಧಿಕಾರಿ ಅಲ್ಲ, ವರದಿಗಾರನೂ ಅಲ್ಲ. ಎಲ್ಲಿದ್ದೀನಿ, ಎಷ್ಟು ಹೊತ್ತಿಗೆ, ಏನು ಕಾಣುತ್ತಿದೆ ಅಂತ ಹೇಳಿದ, ಅಷ್ಟೇ. ಆಮೇಲೆ ಒಂದು ವಾರದೊಳಗೆ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್, ಅಂದರೆ ಗೇಟಿನ ಜಾಗ ಮುಚ್ಚೋ ಉಕ್ಕಿನ ಹಲಗೆಗಳನ್ನು ಇಳಿಸಿ ನೀರು ನಿಲ್ಲಿಸಿದರು. ನಾವು ಅಡ್ಮಿನ್‌ಗಳು ನಿಯಮ ಸರಿಮಾಡಬೇಕು ಅಂತ ಕೂತದ್ದು ಅದಾದ ಮೇಲೆ.

ಅಂಗಡಿ ಶಟರ್ ಅರ್ಧ ಎಳೆದು ಒಳಗೆ ಸೇರಿದೆವು. ರಿಟೈರ್ ಆದ ಕನ್ನಡ ಮಾಸ್ತರರು, ಗೊಬ್ಬರದ ಅಂಗಡಿಯ ಅಣ್ಣ, ಒಬ್ಬ ಲೈನ್‌ಮನ್, ಪತ್ರಿಕೆಯೊಂದಕ್ಕೆ ಸುದ್ದಿ ಕಳಿಸುವ ವರದಿಗಾರ, ಡಿಗ್ರಿ ಓದುವ ಒಬ್ಬ ಹುಡುಗ ಮತ್ತು ನಾನು. ಹುಡುಗನನ್ನು ಸೇರಿಸಿಕೊಂಡದ್ದು ಸೆಟ್ಟಿಂಗ್‌ಗಳು ಅವನಿಗೆ ಮಾತ್ರ ಗೊತ್ತು ಅಂತ. ಪ್ಲೇಟ್ ತುಂಬ ಒಗ್ಗರಣೆ, ಮಿರ್ಚಿ ಬಂತು. ಮಾಸ್ತರರು ಮನೆಯಿಂದಲೇ ಒಂದು ಕರಡು ಬರೆದು ತಂದಿದ್ದರು. ಎರಡು ಫುಲ್‌ಸ್ಕೇಪ್ ಹಾಳೆ. "ಸಾಮಾಜಿಕ ಸೌಹಾರ್ದಕ್ಕೆ ಧಕ್ಕೆ ತರುವಂತಹ, ಸತ್ಯಕ್ಕೆ ದೂರವಾದ, ಪ್ರಚೋದನಕಾರಿ ಬರಹಗಳನ್ನು ಸದಸ್ಯರು ಕಡ್ಡಾಯವಾಗಿ..." ಹೀಗೆ ಹೋಗುತ್ತಿತ್ತು. ಅಕ್ಷರ ಮಾತ್ರ ಮುತ್ತು. ಲೈನ್‌ಮನ್ ಮಿರ್ಚಿ ಕಚ್ಚುತ್ತಲೇ ಹೇಳಿದ. "ಮಾಸ್ತರ್ರ, ಇದು ಟ್ರಾನ್ಸ್‌ಫಾರ್ಮರ್‌ಗೆ ಹಾಕಿದ ಡೇಂಜರ್ ಬೋರ್ಡ್ ಇದ್ದಂಗ ಐತ್ರಿ. ಎಲ್ಲಾರೂ ನೋಡ್ತಾರ, ಅದರ ಬುಡದಾಗ ಎಮ್ಮಿ ಕಟ್ತಾರ." ಮಾಸ್ತರರಿಗೆ ಬೇಜಾರಾಯಿತು. ಆದರೂ ನಕ್ಕರು.

ನಾನು ಒಂದು ಕೆಲಸ ಮಾಡಿಟ್ಟಿದ್ದೆ. ಗುಂಪಿನಲ್ಲಿ ಇತ್ತೀಚೆಗೆ ಜಗಳಕ್ಕೆ ಕಾರಣವಾದ ಪೋಸ್ಟುಗಳನ್ನೆಲ್ಲ ಸ್ಕ್ರೀನ್‌ಶಾಟ್ ತೆಗೆದು ಪ್ರಿಂಟ್ ಹಾಕಿದ್ದೆ. ಅಂಗಡಿ ನನ್ನದೇ, ಕಾಗದಕ್ಕೆ ಬರ ಇಲ್ಲ. ಅವನ್ನು ಟೇಬಲ್ ಮೇಲೆ ಹರಡಿ, ಒಂದೊಂದನ್ನೂ ತೆಗೆದುಕೊಂಡು ಇದು ಯಾಕೆ ಕೆಟ್ಟಿತು ಅಂತ ಕೇಳುತ್ತಾ ಹೋದೆವು. ನಿಯಮ ಬರೆಯೋಕೆ ಇದಕ್ಕಿಂತ ಒಳ್ಳೆ ದಾರಿ ನನಗೆ ಗೊತ್ತಿಲ್ಲ. ತಲೆಯಿಂದ ಬರೆದರೆ ಮಾಸ್ತರರ ಕರಡು ಥರ ಆಗುತ್ತದೆ. ಎಲ್ಲವೂ ಸರಿ, ಯಾವುದೂ ಹಿಡಿಯೋಕೆ ಸಿಗೋದಿಲ್ಲ.

ಮೊದಲ ಹಾಳೆಯಲ್ಲಿ ಇದ್ದದ್ದು ನಾಲ್ಕೇ ಪದ. "ಭತ್ತ 2300 ಆಗೇತಿ ನೋಡ್ರಿ." ಇದಕ್ಕೆ ಬಂದ ಜಗಳ ಮೂರು ಪುಟ. ನಮ್ಮ ಕಡೆ ಭತ್ತದ ಮಾತು ಯಾವಾಗಲೂ 75 ಕೆ.ಜಿ. ಚೀಲದ ಲೆಕ್ಕದಲ್ಲಿ. ಸರ್ಕಾರದ ಲೆಕ್ಕ ಕ್ವಿಂಟಲ್. 2024-25ಕ್ಕೆ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಲ್‌ಗೆ 2300 ರೂಪಾಯಿ. ಚೀಲಕ್ಕೆ ಲೆಕ್ಕ ಹಾಕಿದರೆ 1725. ಪೋಸ್ಟ್ ಹಾಕಿದವರು ಟಿವಿಯಲ್ಲಿ ಬೆಂಬಲ ಬೆಲೆ ನೋಡಿ ಹಾಕಿದ್ದರು. ಓದಿದವರು ಚೀಲದ ರೇಟು ಅಂದುಕೊಂಡರು. ವ್ಯಾಪಾರಿ ಮನೆ ಬಾಗಿಲಿಗೆ ಬಂದು ಬೇರೆ ರೇಟು ಹೇಳಿದಾಗ ಒಬ್ಬ ರೈತರು "ನಮಗೆ ಮೋಸ ಮಾಡ್ತೀಯಾ" ಅಂತ ಅವರ ಗಾಡಿ ತಡೆದಿದ್ದರಂತೆ. ಇಲ್ಲಿ ಯಾರು ಸುಳ್ಳು ಹೇಳಿದರು? ಯಾರೂ ಇಲ್ಲ. 2300 ನಿಜವೇ. ಆದರೂ ಆ ಪೋಸ್ಟು ಒಂದು ಸುಳ್ಳು ಮಾಡುವಷ್ಟೇ ಕೆಲಸ ಮಾಡಿತು.

ಹಾಗಾಗಿ ಮೊದಲು ಬರೆದದ್ದು ರೇಟಿನ ನಿಯಮ. ಯಾವ ತಳಿ, ಸೋನಾ ಮಸೂರಿಯೋ ಆರ್‌ಎನ್‌ಆರ್‌ಓ. ಚೀಲವೋ ಕ್ವಿಂಟಲ್ಲೋ. ಯಾವ ಊರಲ್ಲಿ, ಯಾವ ದಿನ. ಹಸಿ ಭತ್ತವೋ ಒಣಗಿದ್ದೋ. ಇಷ್ಟು ಇಲ್ಲದಿದ್ದರೆ ರೇಟು ಹಾಕಬೇಡಿ. ಗೊಬ್ಬರದ ಅಣ್ಣ ಹೇಳಿದ ಹಾಗೆ, ಇಷ್ಟನ್ನು ವ್ಯಾಪಾರಿಗೆ ಹೇಳದೆ ಯಾರೂ ಒಂದು ಚೀಲ ಮಾರೋದಿಲ್ಲ. ಗುಂಪಿನಲ್ಲಿ ಮಾತ್ರ ಯಾಕೆ ಬಿಡಬೇಕು?

ಎರಡನೆಯದು ನೀರಿನ ಸುದ್ದಿ. ಇದು ನಮ್ಮಲ್ಲಿ ರೇಟಿಗಿಂತ ದೊಡ್ಡದು. ಯಾವುದೋ ಹಳೆಯ ವರ್ಷದ ಪತ್ರಿಕೆ ಕಟಿಂಗ್ ಬಂದಿತ್ತು. "ಎಡದಂಡೆ ಕಾಲುವೆಗೆ ನೀರು" ಅಂತ ಹೆಡ್ಡಿಂಗು. ತಾರೀಖು ಇರೋ ಮೇಲ್ಭಾಗ ಕತ್ತರಿಸಿಹೋಗಿತ್ತು. ಕಾಲುವೆಗೆ ನೀರು ಯಾವಾಗ ಅನ್ನೋದು ನೀರಾವರಿ ಸಲಹಾ ಸಮಿತಿ ಸಭೆಯಲ್ಲಿ ತೀರ್ಮಾನವಾಗುತ್ತದೆ. ಸಭೆ ಆಗೋಕೆ ಮೊದಲೇ ಈ ಕಟಿಂಗ್ ನಂಬಿ ಸಸಿ ಮಡಿಗೆ ಬೀಜ ಚೆಲ್ಲಿದವರು ಇದ್ದರು. ಇದನ್ನು ನೋಡಿ ವರದಿಗಾರ ತಲೆ ಚಚ್ಚಿಕೊಂಡ. "ಅದು ನಾನೇ ಬರದ ಸುದ್ದಿ ಅಕ್ಕಾರ. ಆವತ್ತಿಗೆ ನಿಜಾನೇ ಇತ್ತು."

ಇಲ್ಲಿಗೆ ನಮಗೆ ಒಂದು ವಿಷಯ ಹೊಳೆಯಿತು. ಟೇಬಲ್ ಮೇಲಿದ್ದ ಹಾಳೆಗಳಲ್ಲಿ ಮುಕ್ಕಾಲು ಪಾಲು ಸುಳ್ಳೇ ಅಲ್ಲ. ಹಳೇ ನಿಜ, ಬೇರೆ ಊರಿನ ನಿಜ, ಅರ್ಧ ನಿಜ. ಇದಕ್ಕೆ "ಸುಳ್ಳು ಹಾಕಬಾರದು" ಅನ್ನೋ ನಿಯಮ ಎಲ್ಲಿಂದ ತಾಗಬೇಕು? ಆಮೇಲೆ ಯಾವ ನಿಯಮ ಬಂದರೂ ಒಂದೇ ಪರೀಕ್ಷೆ ಇಟ್ಟೆವು. ಸೆಂಡ್ ಒತ್ತೋ ಮೊದಲು ಆ ಮನುಷ್ಯ ತನ್ನ ಪೋಸ್ಟನ್ನು ಒಮ್ಮೆ ನೋಡಿ, ಇದೆ ಅಥವಾ ಇಲ್ಲ ಅಂತ ಹೇಳೋ ಹಾಗಿರಬೇಕು. ತಾರೀಖು ಇದೆಯಾ? ಊರು ಇದೆಯಾ? "ಇದು ಪ್ರಚೋದನಕಾರಿಯೇ?" ಅಂತ ಕೇಳಿದರೆ ಯಾರೂ ತಮ್ಮದನ್ನು ಹೌದು ಅನ್ನೋದಿಲ್ಲ.

ಆ ಟಿಪ್ಪರ್ ಹುಡುಗನ ವಾಯ್ಸ್ ಮತ್ತೆ ಹಾಕಿ ಕೇಳಿದೆವು. ಅದರಿಂದಲೇ ನಮ್ಮ ಮುಖ್ಯ ನಿಯಮ ಹುಟ್ಟಿತು. ಪ್ರತಿ ಸುದ್ದಿಯ ಮೊದಲ ಸಾಲಿನಲ್ಲಿ ಮೂರರಲ್ಲಿ ಒಂದು ಮಾತು ಇರಬೇಕು. ಕಂಡದ್ದು, ಕೇಳಿದ್ದು, ಬಂದದ್ದು. ನಾನೇ ಅಲ್ಲಿದ್ದು ನೋಡಿದರೆ "ಕಂಡದ್ದು". ನೋಡಿದವರಿಗೆ ಫೋನ್ ಮಾಡಿ ತಿಳಿದುಕೊಂಡರೆ "ಕೇಳಿದ್ದು", ಯಾರಿಂದ ಅಂತಲೂ ಬರೆಯಬೇಕು. ಬೇರೆ ಗುಂಪಿನಿಂದ ಬಂದಿದ್ದರೆ "ಬಂದದ್ದು". ಈ ಮೂರು ಮಾತು ಮಾಸ್ತರರದು. ಎರಡು ಹಾಳೆ ಕರಡು ಹೋದ ಬೇಸರ ಇದರಲ್ಲಿ ತೀರಿತು ಅಂತ ಕಾಣುತ್ತದೆ.

"ಬಂದದ್ದು" ಹಾಕೋಕೆ ಬಿಡಬೇಕೋ ಬೇಡವೋ ಅಂತ ಬಿಸಿ ಬಿಸಿ ಚರ್ಚೆ ಆಯಿತು. ಡಿಗ್ರಿ ಓದುವ ಹುಡುಗ ಪೂರ್ತಿ ಬೇಡ ಅಂದ. ಅವನ ಮಾತಿನಲ್ಲಿ ಸತ್ಯ ಇತ್ತು. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನೋ ಫಾರ್ವರ್ಡ್‌ಗಳು ಓಡಾಡಿದ್ದು ನಮಗೆಲ್ಲ ನೆನಪಿದೆ. ಆ ವರ್ಷ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಹೈದರಾಬಾದಿನಿಂದ ಬಂದಿದ್ದ ಒಬ್ಬ ಯುವಕನನ್ನು ಇದೇ ಗುಮಾನಿ ಮೇಲೆ ಜನ ಹೊಡೆದು ಕೊಂದರು. ನಮ್ಮದೇ ಕಲ್ಯಾಣ ಕರ್ನಾಟಕದ ನೆಲ ಅದು. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಒಂದು ಸಲಕ್ಕೆ ಐದು ಕಡೆ ಮಾತ್ರ ಫಾರ್ವರ್ಡ್ ಅನ್ನೋ ಮಿತಿ ತರುವುದಾಗಿ ಹೇಳಿತು. 2020ರ ಏಪ್ರಿಲ್‌ನಿಂದ, ಹಲವು ಕೈ ದಾಟಿ ಬಂದ ಮೆಸೇಜನ್ನು ಒಂದು ಸಲಕ್ಕೆ ಒಂದೇ ಕಡೆ ಕಳಿಸೋಕೆ ಆಗುತ್ತದೆ. ಅಂಥದ್ದರ ಮೇಲೆ ಎರಡು ಬಾಣದ ಗುರುತು ಬರುತ್ತದೆ. ನಮಗೆ ಬೇಕಾಗಿದ್ದ ಕಣ್ಣಿಗೆ ಕಾಣೋ ಪರೀಕ್ಷೆ ಅಲ್ಲೇ ಇತ್ತು. ಎರಡು ಬಾಣ ಇದ್ದರೆ ಹಾಕಲೇಬಾರದು. ಒಂದು ಬಾಣ ಇದ್ದರೆ "ಬಂದದ್ದು" ಅಂತ ಬರೆದು ಹಾಕಬಹುದು, ಯಾವ ಊರಿನದು, ಯಾವಾಗಿನದು ಅಂತ ಯಾರಾದರೂ ಕೇಳಿದರೆ ಉತ್ತರ ಕೊಡಬೇಕು. ಉತ್ತರ ಇಲ್ಲದಿದ್ದರೆ ಅಳಿಸಬೇಕು.

ಇದಕ್ಕೂ ಉಪಾಯ ಕಂಡುಹಿಡಿಯುವವರು ಇದ್ದಾರೆ. ವಿಡಿಯೊ ಡೌನ್‌ಲೋಡ್ ಮಾಡಿ ಹೊಸದಾಗಿ ಹಾಕಿದರೆ ಬಾಣ ಕಾಣೋದಿಲ್ಲ. ಆಗ ಮೊದಲ ಸಾಲು ಕೆಲಸಕ್ಕೆ ಬರುತ್ತದೆ. ವಿಡಿಯೊ ಹಾಕಿ "ಕಂಡದ್ದು" ಅಂತ ಬರೆಯೋಕೆ ಕೈ ನಡುಗುತ್ತದೆ. ಊರಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ನೀನು ನಿನ್ನೆ ಸಂತೆಯಲ್ಲಿ ಇದ್ದೆ, ಶಿವಮೊಗ್ಗದಲ್ಲಿ ಯಾವಾಗ ಕಂಡೆ ಅಂತ ಕೇಳೋರು ಹತ್ತು ಮಂದಿ ಇರುತ್ತಾರೆ.

ನಾನು ಹಟ ಹಿಡಿದು ಕೂತದ್ದು ಒಂದೇ ನಿಯಮಕ್ಕೆ. ಫೋಟೊದ ನಿಯಮ. ಒಂದು ಹಾಳೆಯಲ್ಲಿ ಒಬ್ಬ ಹುಡುಗಿಯ ಫೋಟೊ ಇತ್ತು. "ಕಾಣೆಯಾಗಿದ್ದಾಳೆ, ಕಂಡವರು ತಿಳಿಸಿ." ಹುಡುಗಿ ಎರಡೇ ದಿನಕ್ಕೆ ಮನೆಗೆ ಬಂದಿದ್ದಳು. ಪರೀಕ್ಷೆಯಲ್ಲಿ ನಪಾಸಾಗಿ ಹೆದರಿ ಚಿಕ್ಕಮ್ಮನ ಮನೆಗೆ ಹೋಗಿದ್ದಳಂತೆ. ಫೋಟೊ ಮಾತ್ರ ತಿಂಗಳುಗಟ್ಟಲೆ ತಿರುಗುತ್ತಲೇ ಇತ್ತು. ಒಂದು ದಿನ ಅವಳ ಅಪ್ಪ ನನ್ನ ಅಂಗಡಿಗೆ ಬಂದರು. ಗಿರಾಕಿಗಳೆಲ್ಲ ಹೋಗೋವರೆಗೆ ಕಾದರು. ಆಮೇಲೆ ಮೊಬೈಲ್ ಮುಂದೆ ಹಿಡಿದು, "ಯವ್ವಾ, ಇದನ್ನ ಎಲ್ಲಾ ಕಡಿಂದ ತಗಸಾಕ ಎಷ್ಟು ಆಗತೈತಿ?" ಅಂತ ಕೇಳಿದರು. ನಾನು ದುಡ್ಡು ತಗೊಂಡು ಆನ್‌ಲೈನ್ ಕೆಲಸ ಮಾಡಿಕೊಡ್ತೀನಲ್ಲ, ಇದೂ ಅಂಥದ್ದೇ ಒಂದು ಕೆಲಸ ಅಂತ ಅವರು ತಿಳಿದಿದ್ದರು. ನಮ್ಮ ಗುಂಪಿನಲ್ಲಿದ್ದದ್ದನ್ನು ಅಳಿಸಿದೆ. ಉಳಿದ ಕಡೆಯದು ನನ್ನ ಕೈಯಲ್ಲಿಲ್ಲ ಅಂತ ಹೇಳಬೇಕಾಯಿತು.

ಈಗ ಕಾಣೆಯಾದವರ ಪೋಸ್ಟು ಹಾಕಬೇಕಾದರೆ ಮನೆಯವರೇ ಹೇಳಿರಬೇಕು, ಪೊಲೀಸ್ ಸ್ಟೇಷನ್ ಹೆಸರು, ಫೋನ್ ನಂಬರ್ ಇರಬೇಕು. ಸಿಕ್ಕ ಮೇಲೆ ಹಾಕಿದವರೇ ಫೋಟೊ ಅಳಿಸಿ "ಸಿಕ್ಕಿದ್ದಾರೆ" ಅಂತ ಬರೆಯಬೇಕು. ತಡವಾಗಿ ನೆನಪಾದರೆ ಹಾಕಿದವರ ಕಡೆಯಿಂದ ಅಳಿಸೋಕೆ ಆಗೋದಿಲ್ಲ, ಅದಕ್ಕೆ ಅಡ್ಮಿನ್‌ಗೆ ಹೇಳಬೇಕು. ಹಲ್ಲೆ, ದೌರ್ಜನ್ಯದ ಸುದ್ದಿಯಲ್ಲಿ ಮಕ್ಕಳ, ಹೆಣ್ಣುಮಕ್ಕಳ ಹೆಸರು, ಫೋಟೊ, ಮನೆ, ಶಾಲೆ ಯಾವುದೂ ಬರಬಾರದು. ಇದು ನಮ್ಮ ದೊಡ್ಡತನ ಏನೂ ಅಲ್ಲ, ಕಾನೂನೇ ಇದೆ. ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್, ಬಾಲ ನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಮಕ್ಕಳ ಗುರುತು ಬಯಲು ಮಾಡಬಾರದು ಅನ್ನುತ್ತವೆ. ಅತ್ಯಾಚಾರಕ್ಕೆ ಒಳಗಾದವರ ಗುರುತಿನ ಬಗ್ಗೆ ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಇದೆ. ಅಪಘಾತದಲ್ಲಿ ಸತ್ತವರ ಹೆಣದ ಫೋಟೊ ಬೇಡ ಅನ್ನೋದಕ್ಕೆ ಯಾವ ಸೆಕ್ಷನ್ನೂ ಹುಡುಕಲಿಲ್ಲ. ಮನೆಯವರು ಅದನ್ನು ಮೊದಲು ಗುಂಪಿನಲ್ಲಿ ನೋಡಬಾರದು, ಅಷ್ಟೇ.

ಪತ್ರಿಕೆಯ ಪಿಡಿಎಫ್ ವಿಷಯಕ್ಕೆ ಬಂದಾಗ ವರದಿಗಾರ ಎದ್ದು ನಿಂತ. ದಿನಾ ಬೆಳಗ್ಗೆ ಯಾರೋ ಒಬ್ಬರು ನಾಲ್ಕೈದು ಪತ್ರಿಕೆಗಳ ಪೂರ್ತಿ ಪಿಡಿಎಫ್ ತಂದು ಸುರಿಯುತ್ತಿದ್ದರು. ಜನ ಅವರನ್ನು ಹೊಗಳುತ್ತಿದ್ದರು. ಲಾಕ್‌ಡೌನ್‌ನಲ್ಲಿ ಪೇಪರ್ ಹಾಕೋ ಹುಡುಗರು ಬರದಾದಾಗ ಹತ್ತಿದ ಚಟ ಇದು. ಆಮೇಲೆ ಬಿಡಲೇ ಇಲ್ಲ. 2020ರಲ್ಲೇ ದಿಲ್ಲಿ ಹೈಕೋರ್ಟ್, ದೈನಿಕ್ ಜಾಗರಣ್ ಪತ್ರಿಕೆಯ ಇ-ಪೇಪರ್ ಹಂಚುತ್ತಿದ್ದ ಚಾನೆಲ್‌ಗಳನ್ನು ತೆಗೆಯಿರಿ ಅಂತ ಟೆಲಿಗ್ರಾಂಗೆ ಹೇಳಿತ್ತು. "ಪೇಪರ್ ಒಂದು ಕಮ್ಮಿ ಮಾರಿದ್ರ ಏಜೆಂಟನ ಕಮಿಷನ್ ಹೋಗ್ತದ, ಆಮ್ಯಾಲೆ ನಂದು" ಅಂದ ವರದಿಗಾರ. ಪೂರ್ತಿ ಪೇಪರ್ ಬೇಡ. ಒಂದು ಸುದ್ದಿಯ ಕಟಿಂಗ್ ಹಾಕಬಹುದು, ಪತ್ರಿಕೆ ಹೆಸರು ಮತ್ತು ತಾರೀಖು ಕಾಣಬೇಕು. ಆ ತಾರೀಖಿನ ಸಾಲು ನೀರಿನ ಸುದ್ದಿಗೂ ಮದ್ದಾಯಿತು. ಈ ನಿಯಮಕ್ಕೆ ಬಂದಷ್ಟು ಬೈಗುಳ ಬೇರೆ ಯಾವುದಕ್ಕೂ ಬರಲಿಲ್ಲ. ಪುಕ್ಕಟೆ ಬರೋದನ್ನು ನಿಲ್ಲಿಸಿದರೆ ಯಾರು ಬಿಡ್ತಾರೆ?

ರಾಜಕೀಯದ ಬಗ್ಗೆ ಹೆಚ್ಚು ಹೊತ್ತು ಕೂರಲಿಲ್ಲ. "ರಾಜಕೀಯ ಬೇಡ" ಅಂತ ಹಳೆ ನಿಯಮ ಇತ್ತು. ಅದನ್ನು ತೆಗೆದೆವು. ನಮ್ಮಲ್ಲಿ ಕಾಲುವೆಗೆ ನೀರು ಬಿಡೋದೇ ರಾಜಕೀಯ. ಕೆಳಭಾಗದ ಮಾನ್ವಿ, ರಾಯಚೂರು ಕಡೆಯ ರೈತರಿಗೆ ನೀರು ಮುಟ್ಟೋದಿಲ್ಲ, ಮೇಲಿನವರು ಎಳ್ಕೊಳ್ತಾರೆ ಅನ್ನೋ ಜಗಳ ಎಷ್ಟು ಹಳೆಯದು! ಅದನ್ನು ಮಾತಾಡದೆ ನೀರಿನ ಸುದ್ದಿ ಹಾಕೋಕೆ ಬರೋದಿಲ್ಲ. ಯಾರು ಬಂದರು, ಏನು ಹೇಳಿದರು ಅಂತ ಹಾಕಲಿ. ಪಕ್ಷದವರು ತಯಾರು ಮಾಡಿದ ಪೋಸ್ಟರು, ಬೈಗುಳದ ಕಾರ್ಟೂನು ಬೇಡ. ಮತದಾನ ಮುಗಿಯೋಕೆ ಮುಂಚಿನ 48 ಗಂಟೆ ಪ್ರಚಾರದ ಯಾವುದೂ ಬೇಡ. 2024ರ ಮೇ 7ರಂದು ನಮ್ಮ ಕಡೆ ಲೋಕಸಭೆಗೆ ಮತದಾನ ಆಗುವಾಗ ಈ ನಿಯಮ ಇದ್ದಿದ್ದರೆ ಎಷ್ಟೋ ಸ್ನೇಹ ಉಳೀತಿತ್ತು ಅಂತ ಗೊಬ್ಬರದ ಅಣ್ಣ ಅಂದರು. ಅವರದೇ ಭಾವಮೈದುನ ಗುಂಪು ಬಿಟ್ಟದ್ದು ಆವಾಗಲೇ.

ಮಾಸ್ತರರಿಗೆ ಇದ್ದ ದೊಡ್ಡ ಹೆದರಿಕೆ ಬೇರೆ. "ಯಾರೋ ಏನೋ ಹಾಕಿದ್ರ ಅಡ್ಮಿನ್ ಜೈಲಿಗೆ ಹೋಗಬೇಕಂತಲ್ಲ?" ಅದೂ ಒಂದು ಫಾರ್ವರ್ಡ್‌ನಲ್ಲೇ ಬಂದದ್ದು, ನೋಡಿ. 2021ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ, 2022ರಲ್ಲಿ ಕೇರಳ ಹೈಕೋರ್ಟ್ ಈ ವಿಷಯ ನೋಡಿವೆ. ಅಡ್ಮಿನ್ ಅನ್ನೋ ಒಂದೇ ಕಾರಣಕ್ಕೆ ಬೇರೆಯವರ ಪೋಸ್ಟಿಗೆ ಅವರನ್ನು ಹೊಣೆ ಮಾಡೋಕೆ ಬರೋದಿಲ್ಲ ಅಂತ ಹೇಳಿವೆ. ಅಡ್ಮಿನ್ ತಾನೂ ಅದರಲ್ಲಿ ಸೇರಿಕೊಂಡಿದ್ದರೆ ಮಾತು ಬೇರೆ. ಪಕ್ಕದ ಊರಿನ ಗುಂಪೊಂದರ ನಿಯಮದಲ್ಲಿ "66ಎ ಪ್ರಕಾರ ಕ್ರಮ" ಅಂತ ಇನ್ನೂ ಇದೆ. ಐಟಿ ಕಾಯ್ದೆಯ ಆ ಸೆಕ್ಷನ್ನನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್‌ನಲ್ಲೇ ರದ್ದು ಮಾಡಿದೆ. ನಾವು ಸೆಕ್ಷನ್ ನಂಬರುಗಳನ್ನು ನಿಯಮದಲ್ಲಿ ಬರೆಯಲೇ ಇಲ್ಲ. ಹೆದರಿಸಿದರೆ ಜನ ಒಳ್ಳೆ ಸುದ್ದಿ ಹಾಕೋದನ್ನೂ ನಿಲ್ಲಿಸುತ್ತಾರೆ.

ರಾತ್ರಿ ಹತ್ತಕ್ಕೆ ಗುಂಪು ಬಂದ್ ಮಾಡೋಣ, ಬೆಳಗ್ಗೆ ತೆರೆಯೋಣ ಅಂತಲೂ ಮಾಸ್ತರರು ಹೇಳಿದರು. ಅಡ್ಮಿನ್‌ಗಳು ಮಾತ್ರ ಬರೆಯೋ ಹಾಗೆ ಮಾಡೋ ಸೆಟ್ಟಿಂಗ್ ಇದೆಯಲ್ಲ, ಅದು. ಲೈನ್‌ಮನ್ ಒಪ್ಪಲಿಲ್ಲ. ವೈರ್ ಹರಿದು ಬೀಳೋದು ರಾತ್ರಿ, ಪಾಳಿ ನೀರು ಬರೋದು ರಾತ್ರಿ. ಗೇಟು ಹೋದದ್ದೂ ರಾತ್ರಿಯೇ. ತೆರೆದೇ ಇರಲಿ ಅಂದೆವು. ಗುಡ್ ನೈಟ್ ಹೂವು ಮಾತ್ರ ಬೇಡ.

ನಾನು ಎಣಿಸದೇ ಇದ್ದ ತೊಡಕು ಒಂದು ಬಂತು. ನಮ್ಮ ಗುಂಪಿನ ಎಷ್ಟೋ ಮಂದಿ ಬರೆಯೋದೇ ಇಲ್ಲ, ವಾಯ್ಸ್ ಹಾಕುತ್ತಾರೆ. ಹಮಾಲಿ ಮಾಡುವ ಒಬ್ಬರು ಕೇಳಿದರು. "ಅಕ್ಕಾರ, ಮೊದಲ್ನೇ ಸಾಲು ಬರೀಬೇಕಂದ್ರ ನಾವು ಬಾಯಿ ಮುಚ್ಕೊಂಡು ಇರಬೇಕೇನು?" ನ್ಯಾಯವಾದ ಮಾತು. ನಮ್ಮ ನಿಯಮಕ್ಕೆ ಮಾದರಿಯಾದ ಮೆಸೇಜೇ ವಾಯ್ಸ್ ಅಲ್ವಾ? ಅದಕ್ಕೇ ವಾಯ್ಸ್‌ನಲ್ಲಿ ಮೊದಲು ಹೆಸರು, ಇರೋ ಜಾಗ, ಹೊತ್ತು ಹೇಳಿ ಆಮೇಲೆ ಸುದ್ದಿ ಹೇಳಿದರೆ ಸಾಕು ಅಂತ ಸೇರಿಸಿದೆವು. ನಿಯಮಗಳನ್ನೂ ಬರೀ ಬರೆದು ಹಾಕಲಿಲ್ಲ. ಮಾಸ್ತರರು ಕನ್ನಡದಲ್ಲಿ ಓದಿದರು. ಕ್ಯಾಂಪಿನ ಒಬ್ಬರು ತೆಲುಗಿನಲ್ಲಿ, ಗ್ಯಾರೇಜಿನ ಒಬ್ಬ ಅಣ್ಣ ಉರ್ದುವಿನಲ್ಲಿ ಹೇಳಿದರು. ತೆಲುಗಿನದು ಕನ್ನಡದ ಅರ್ಧದಷ್ಟು ಉದ್ದ ಇತ್ತು. ಕೇಳಿದರೆ, "ಮಾಸ್ತರ್ ಗಾರು ಎರಡೆರಡು ಸಲ ಹೇಳಿದ್ರು, ನಾನು ಒಂದೇ ಸಲ ಹೇಳಿದೆ" ಅಂದರು.

ನಿಯಮ ಹಾಕಿದ ಮೇಲೆ ಮೊದಲು ಮುರಿದವರು ಸಣ್ಣವರಲ್ಲ. ಊರಲ್ಲಿ ಎಲ್ಲರೂ ಎದ್ದು ನಿಂತು ಮಾತಾಡಿಸುವ ಒಬ್ಬ ಸಾಹುಕಾರರು. ಎರಡು ಬಾಣದ ವಿಡಿಯೊ, ಅದೂ ಒಂದು ಸಮುದಾಯದವರನ್ನು ಬೈಯುವಂಥದ್ದು. ಗುಂಪು ಉಸಿರು ಬಿಗಿಹಿಡಿದು ನೋಡುತ್ತಿತ್ತು. 2022ರಿಂದ ಅಡ್ಮಿನ್‌ಗಳು ಯಾರ ಮೆಸೇಜನ್ನಾದರೂ ಎಲ್ಲರ ಫೋನಿನಿಂದ ಅಳಿಸಬಹುದು. ಆದರೆ ಅಳಿಸಿದ ಅಡ್ಮಿನ್ ಹೆಸರು ಅಲ್ಲಿ ಕಾಣುತ್ತದೆ. ಹುಡುಗ ನನಗೆ ಫೋನ್ ಮಾಡಿ "ನೀವೇ ಅಳಿಸ್ರಿ ಅಕ್ಕಾ, ನಮ್ಮಪ್ಪ ಅವರ ಮಿಲ್ಲಿನಾಗ ಲೆಕ್ಕ ಬರೀತಾರ" ಅಂದ. ನಾನೇ ಅಳಿಸಿದೆ. ಅಳಿಸಿದ ಕೂಡಲೇ ಸಾಹುಕಾರರಿಗೆ ಫೋನ್ ಮಾಡಿದೆ. "ಸಾಹುಕಾರ್ರ, ಎರಡು ಬಾಣ ಇತ್ತು, ಅದಕ್ಕ ತಗದೀನ್ರಿ. ನಿಮ್ಮ ಮ್ಯಾಲೆ ಏನೂ ಇಲ್ಲ." ಅವರಿಗೆ ಬಾಣ ಅಂದರೆ ಏನು ಅಂತಲೇ ಗೊತ್ತಿರಲಿಲ್ಲ. ಎಲ್ಲಿ ಕಾಣುತ್ತದೆ ಅಂತ ಹೇಳಿಕೊಟ್ಟೆ. "ಹಂಗೇನು? ಆಯ್ತು ಬಿಡವ್ವಾ" ಅಂದರು. ಕೋಪ ಇತ್ತೋ ಇಲ್ಲವೋ ಗೊತ್ತಾಗಲಿಲ್ಲ. ಆದರೆ ವಿಡಿಯೊ ಸುಳ್ಳೋ ನಿಜವೋ ಅಂತ ಅವರ ಜೊತೆ ವಾದ ಮಾಡೋ ಪ್ರಸಂಗ ನನಗೆ ಬರಲಿಲ್ಲ. ಬಂದಿದ್ದರೆ ನಾನು ಗೆಲ್ಲುತ್ತಿರಲಿಲ್ಲ. ಆವತ್ತಿನಿಂದ ಅಳಿಸಿದವರು ಫೋನ್ ಮಾಡಿ ಕಾರಣ ಹೇಳಬೇಕು ಅನ್ನೋದೂ ನಿಯಮ ಆಯಿತು. ಇದು ಅಡ್ಮಿನ್‌ಗಳಿಗೆ ಮಾತ್ರ.

ಎಲ್ಲರೂ ಪಾಲಿಸುತ್ತಾರೆ ಅಂತ ಏನೂ ಅಲ್ಲ. "ಕಂಡದ್ದು" ಅಂತ ಬರೆದು ಟಿವಿಯಲ್ಲಿ ಕಂಡದ್ದನ್ನು ಹಾಕುವವರು ಇದ್ದಾರೆ. ಇದಕ್ಕೆ ಏನು ಹೇಳೋಣ! ಕೆಲವರು ಈ ತಾಪತ್ರಯ ಯಾಕೆ ಅಂತ ಬೇರೆ ಗುಂಪಿಗೆ ಹೋದರು. ಅಲ್ಲಿ ಪಿಡಿಎಫ್ ಸಿಗುತ್ತದಂತೆ. ನಮ್ಮ ಗುಂಪಿನಲ್ಲಿ ಮೆಸೇಜು ಕಡಿಮೆಯಾಗಿವೆ. ಬೆಳಗ್ಗೆ ಎದ್ದು ನೋಡಿದರೆ ಮೊದಲಿನ ಹಾಗೆ ನೂರಾರು ಇರೋದಿಲ್ಲ. ಮೊನ್ನೆ ಹಾಕಿದ್ದ ಒಂದು ಪೋಸ್ಟು ಹೀಗಿತ್ತು: "ಕೇಳಿದ್ದು, ನಮ್ಮ ಮಾವನಿಂದ. ಸಿಂಧನೂರು. ಇವತ್ತು ಮುಂಜಾನಿ. ಆರ್‌ಎನ್‌ಆರ್ ಒಣಗಿದ್ದು, 75 ಕೆ.ಜಿ. ಚೀಲ." ಆಮೇಲೆ ರೇಟು. ಅದರ ಕೆಳಗೆ ಜಗಳ ಇರಲಿಲ್ಲ. ಮಾವನ ನಂಬರ್ ಕೊಡಿ ಅಂತ ಇಬ್ಬರು ಕೇಳಿದ್ದರು.

ರಾಯಚೂರು ಕಡೆಯ ಒಂದು ಗುಂಪಿನವರು ನಮ್ಮ ನಿಯಮದ ಕಾಪಿ ಕೇಳಿದರು, ಕಳಿಸಿದೆ. ನಿಮ್ಮಲ್ಲಿ ಹತ್ತಿ ಜಾಸ್ತಿ, ಅದು ಕ್ವಿಂಟಲ್ ಲೆಕ್ಕ, ಚೀಲದ ಸಾಲು ತೆಗೆದುಬಿಡಿ ಅಂತಲೂ ಹೇಳಿದೆ. ಏನೂ ತೆಗೆಯದೆ ಇದ್ದದ್ದನ್ನೇ ಹಾಕಿಕೊಂಡಿದ್ದಾರೆ ಅಂತ ಆಮೇಲೆ ಗೊತ್ತಾಯಿತು. ಹತ್ತಿ ಬೆಳೆಯುವವರಿಗೂ 75 ಕೆ.ಜಿ. ಚೀಲದ ನಿಯಮ!

ಜಾಹೀರಾತಿನದು ಮಾತ್ರ ಇನ್ನೂ ಬಗೆಹರಿದಿಲ್ಲ. ವಾರಕ್ಕೆ ಒಂದು ದಿನ ಹಾಕೋಕೆ ಬಿಡೋಣ ಅಂತ ನಾನು, ಪೂರ್ತಿ ಬೇಡ ಅಂತ ವರದಿಗಾರ. ಯೂರಿಯಾ ಸ್ಟಾಕ್ ಬಂದಿದೆ ಅನ್ನೋದು ಜಾಹೀರಾತೋ ಸುದ್ದಿಯೋ ಅಂತ ಗೊಬ್ಬರದ ಅಣ್ಣ ಕೇಳುತ್ತಾರೆ. ಯೂರಿಯಾಕ್ಕೆ ಜನ ಸಾಲುಗಟ್ಟಿ ನಿಲ್ಲೋ ಕಾಲದಲ್ಲಿ ಅವರ ಪ್ರಶ್ನೆಗೆ ನಮ್ಮಲ್ಲಿ ಉತ್ತರ ಇಲ್ಲ. ಮುಂದಿನ ಸಲ ಕೂತಾಗ ನೋಡಬೇಕು.